ಫಿಲಂ ಉಲ್ಟಾ ಇರಲಿಲ್ಲ

ಪ್ರಶ್ನೆ: ಡಾಕ್ಟರೇ, ಕುಡಿಯದೇ ಅಮಲೇರುವ ಮನುಷ್ಯ, ಹಸಿರು ರಕ್ತದ ರೋಗಿ, ಹೆತ್ತ ಮಕ್ಕಳಿಗೆ ನೀನು ತಾಯಿಯೇ ಅಲ್ಲ ಎಂದು ಡಿಎನ್‌ಎ ಪರೀಕ್ಷೆ ಹೇಳಿದ ಹೆಂಗಸು, ಹೀಗೆ ಏನೇನೋ ಓದುತ್ತಿರುತ್ತೇನೆ. ಇವೆಲ್ಲ ನಿಜವೇ, ಕಟ್ಟುಕಥೆಯೇ? ಕೇಳಲು ಇನ್ನೊಂದು ಕಾರಣವೂ ಇದೆ. ನನ್ನ ತಂಗಿಗೆ 26 ವರ್ಷ. ಒಂದೂವರೆ ವರ್ಷದಿಂದ ಆಗಾಗ ತಡೆಯಲಾರದ ಹೊಟ್ಟೆನೋವು ಬರುತ್ತದೆ. ಮೂರು ನಾಲ್ಕು ದಿನ ನಿದ್ದೆ ಇರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ, ಮಾತು ಒಂಥರಾ ಆಗುತ್ತದೆ. ಆಮೇಲೆ ತಾನಾಗಿಯೇ ಸರಿಹೋಗುತ್ತದೆ. ಸ್ಕ್ಯಾನ್, ರಕ್ತ ಪರೀಕ್ಷೆ ಎಲ್ಲ ನಾರ್ಮಲ್. ಕೊನೆಗೆ ನೋಡಿದ ಡಾಕ್ಟರು "ಇದೆಲ್ಲ ಮನಸ್ಸಿನದು" ಎಂದುಬಿಟ್ಟರು. ಅವಳಿಗೂ ಅಂಥ ಅಪರೂಪದ ಕಾಯಿಲೆ ಇರಬಹುದಾ?

ಉತ್ತರ: ಮೊದಲು ನನ್ನ ಮಾನ ಹೋದ ಒಂದು ಪ್ರಸಂಗ ಹೇಳಿಬಿಡುತ್ತೇನೆ.

ಆಗ ನಾನು ಹೊಸ ಡಾಕ್ಟರು. ರಾತ್ರಿ ಪಾಳಿ. ಜ್ವರ, ಕೆಮ್ಮು ಎಂದು ಬಂದಿದ್ದ ಒಬ್ಬರ ಎದೆಯ ಎಕ್ಸ್‌ರೇ ಕೈಗೆ ಬಂತು. ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದೆ. ಹೃದಯ ಬಲಗಡೆ ಕಾಣಿಸಿತು. ಫಿಲಂ ಉಲ್ಟಾ ಹಾಕಿದ್ದೇನೆ ಎಂದುಕೊಂಡು ತೆಗೆದು ತಿರುಗಿಸಿ ಹಾಕಿದೆ. ಹೃದಯ ಎಡಕ್ಕೆ ಬಂತು. ನನಗೂ ಸಮಾಧಾನವಾಯಿತು. ಎಕ್ಸ್‌ರೇ ತೆಗೆದ ಟೆಕ್ನಿಷಿಯನ್ ಇನ್ನೂ ಬಾಗಿಲಲ್ಲೇ ನಿಂತಿದ್ದರು. "ಸಾರ್, ಮೂಲೆಯಲ್ಲಿರೋ ಅಕ್ಷರ ನೋಡಿ" ಎಂದರು, ಮೆಲ್ಲಗೆ. ಎಡ ಯಾವುದು ಬಲ ಯಾವುದು ಎಂದು ತಿಳಿಯಲಿ ಅಂತ ಫಿಲಂ ಮೇಲೆ ಒಂದು ಅಕ್ಷರದ ಗುರುತು ಬಿದ್ದಿರುತ್ತದೆ. ಅದು ಈಗ ಕನ್ನಡಿಯಲ್ಲಿ ಕಂಡಂತೆ ತಿರುಗಿತ್ತು. ಮೊದಲು ಹಾಕಿದ್ದೇ ಸರಿ. ಆ ಮನುಷ್ಯನ ಹೃದಯ ಬಲಗಡೆಯೇ ಇತ್ತು.

ಇದಕ್ಕೆ ಸೈಟಸ್ ಇನ್ವರ್ಸಸ್ ಎನ್ನುತ್ತಾರೆ. ಹೃದಯ ಬಲಕ್ಕೆ, ಯಕೃತ್ತು ಎಡಕ್ಕೆ, ಅಪೆಂಡಿಕ್ಸ್ ಕೂಡ ಎಡಕ್ಕೆ. ಒಳಗಿನ ಅಂಗಗಳೆಲ್ಲ ಕನ್ನಡಿಯ ಬಿಂಬದ ಹಾಗೆ ಅದಲುಬದಲು. ಸುಮಾರು 10,000 ಜನರಲ್ಲಿ ಒಬ್ಬರು ಹೀಗೆ ಹುಟ್ಟುತ್ತಾರೆ. ಅವರಲ್ಲಿ ಬಹಳಷ್ಟು ಜನಕ್ಕೆ ಇದರಿಂದ ಏನೂ ತೊಂದರೆ ಇಲ್ಲ. ನನ್ನ ನಾಚಿಕೆ ಅಲ್ಲಿಗೆ ಮುಗಿಯಲಿಲ್ಲ. ಎಕ್ಸ್‌ರೇಗೆ ಕಳಿಸುವ ಮೊದಲು ಅವರ ಎದೆಗೆ ಸ್ಟೆತಾಸ್ಕೋಪ್ ಇಟ್ಟು "ಹೃದಯದ ಸದ್ದು ಸರಿಯಾಗಿದೆ" ಎಂದು ಚೀಟಿಯಲ್ಲಿ ಬರೆದವನೂ ನಾನೇ. ಎಡಗಡೆ ಏನು ಕೇಳಿಸಿಕೊಂಡಿದ್ದೆನೋ ದೇವರಿಗೇ ಗೊತ್ತು.

ಈ ಪ್ರಸಂಗ ಯಾಕೆ ಹೇಳಿದೆ ಎಂದರೆ, ನೀವು ಓದಿದ ವಿಚಿತ್ರ ಕೇಸುಗಳಲ್ಲಿ ನನಗೆ ಮತ್ತೆ ಮತ್ತೆ ಕಾಣುವುದು ಇದೇ. ದೇಹ ಒಂದು ಹೇಳುತ್ತದೆ, ನಮ್ಮ ಪುಸ್ತಕ ಇನ್ನೊಂದು ಹೇಳುತ್ತದೆ. ಆಗ ನಾವು ಫಿಲಂ ತಿರುಗಿಸಿಬಿಡುತ್ತೇವೆ. ರೋಗಿ ಸುಳ್ಳು ಹೇಳುತ್ತಿದ್ದಾರೆ, ಪರೀಕ್ಷೆ ತಪ್ಪಾಗಿದೆ, ಇಲ್ಲವೇ ಮನಸ್ಸಿನ ಕಾಯಿಲೆ. ಮೂರರಲ್ಲಿ ಒಂದು.

ನೀವು ಕೇಳಿದ ಮೂರೂ ಕೇಸುಗಳು ನಿಜ. ಕುಡಿಯದೇ ಅಮಲೇರುವವರಿಂದ ಶುರು ಮಾಡೋಣ.

ನಮ್ಮ ಕರುಳಿನಲ್ಲಿ ಬ್ಯಾಕ್ಟೀರಿಯಾ ಇರುವಂತೆ ಸ್ವಲ್ಪ ಯೀಸ್ಟ್ ಕೂಡ ಇರುತ್ತದೆ. ಬ್ರೆಡ್ ಉಬ್ಬಿಸಲು, ಬಿಯರ್ ಮಾಡಲು ಬಳಸುವ ಜಾತಿಯದೇ ಯೀಸ್ಟ್ ಕೆಲವರ ಕರುಳಿನಲ್ಲಿ ಬೀಡುಬಿಟ್ಟು ಬೆಳೆದುಬಿಡುತ್ತದೆ. ಆಗ ತಿಂದ ಸಕ್ಕರೆ, ಪಿಷ್ಟವೆಲ್ಲ ಹೊಟ್ಟೆಯೊಳಗೇ ಹುಳಿತು ಆಲ್ಕೋಹಾಲ್ ಆಗುತ್ತದೆ. ಆಟೊ ಬ್ರೂವರಿ ಸಿಂಡ್ರೋಮ್ ಎಂದು ಹೆಸರು. 2013ರಲ್ಲಿ ಅಮೆರಿಕದ ಟೆಕ್ಸಾಸ್‌ನಿಂದ ಒಂದು ವರದಿ ಪ್ರಕಟವಾಯಿತು. 61 ವರ್ಷದ ಮನುಷ್ಯ. ಯಾವಾಗೆಂದರೆ ಆವಾಗ ಅಮಲೇರುತ್ತಿತ್ತು. ಉಸಿರಿನ ಆಲ್ಕೋಹಾಲ್ ಅಳೆಯುವ ಯಂತ್ರವನ್ನೇ ಅವರ ಹೆಂಡತಿ ಕೊಂಡು ತಂದರು. ಗಂಡ ಕುಡಿದಿಲ್ಲ ಎಂದು ಆಕೆ ಹೇಳುತ್ತಲೇ ಇದ್ದರು. ಕದ್ದು ಕುಡಿಯುತ್ತಾನೆ ಅನ್ನುವುದೇ ಉಳಿದವರ ತೀರ್ಮಾನ. ಕೊನೆಗೆ ವೈದ್ಯರು ಆತನ ಚೀಲಗಳನ್ನೆಲ್ಲ ತಡಕಿ, ಒಂದು ದಿನ ಆಸ್ಪತ್ರೆಯಲ್ಲೇ ಕಣ್ಗಾವಲಿನಲ್ಲಿ ಇಟ್ಟುಕೊಂಡು, ಪಿಷ್ಟ ಜಾಸ್ತಿ ಇರುವ ಆಹಾರ ಕೊಟ್ಟು ನೋಡಿದರು. ರಕ್ತದಲ್ಲಿ ಆಲ್ಕೋಹಾಲ್ 0.12 ಶೇಕಡಕ್ಕೆ ಏರಿತು. ಅಮೆರಿಕದಲ್ಲಿ ವಾಹನ ಓಡಿಸಲು ಇರುವ ಸಾಮಾನ್ಯ ಮಿತಿ 0.08. ಹನಿ ಮದ್ಯವೂ ಬಾಯಿಗೆ ಹೋಗಿರಲಿಲ್ಲ. ಶಿಲೀಂಧ್ರ ಕೊಲ್ಲುವ ಔಷಧ ಕೊಟ್ಟ ಮೇಲೆ ಸರಿಹೋಯಿತು.

ಇನ್ನೊಂದು ಕೇಸಿನಲ್ಲಿ, ಬೆರಳಿನ ಗಾಯಕ್ಕೆ ತೆಗೆದುಕೊಂಡ ಆಂಟಿಬಯಾಟಿಕ್ ನಂತರ ಇದು ಶುರುವಾಗಿತ್ತು. ಒಳ್ಳೆಯ ಬ್ಯಾಕ್ಟೀರಿಯಾ ಸತ್ತ ಜಾಗದಲ್ಲಿ ಯೀಸ್ಟ್ ಬೆಳೆದಿದ್ದಿರಬೇಕು. 2024ರಲ್ಲಿ ಬೆಲ್ಜಿಯಂನ ನ್ಯಾಯಾಲಯವೊಂದು ಕುಡಿದು ಗಾಡಿ ಓಡಿಸಿದ ಆರೋಪದಿಂದ ಒಬ್ಬರನ್ನು ಬಿಡುಗಡೆ ಮಾಡಿತು. ಮೂವರು ವೈದ್ಯರು ಬೇರೆಬೇರೆಯಾಗಿ ಪರೀಕ್ಷಿಸಿ, ಈತನ ದೇಹವೇ ಆಲ್ಕೋಹಾಲ್ ತಯಾರಿಸುತ್ತದೆ ಎಂದು ಖಚಿತಪಡಿಸಿದ್ದರು. ಆತ ಕೆಲಸ ಮಾಡುತ್ತಿದ್ದದ್ದು ಬಿಯರ್ ಕಾರ್ಖಾನೆಯಲ್ಲಿ. ಕಥೆಗಾರರು ಇಷ್ಟು ಧೈರ್ಯ ಮಾಡಲ್ಲ, ಅಲ್ವಾ?

ಒಂದು ಎಚ್ಚರಿಕೆ. ಇದು ಬಹಳ, ಬಹಳ ಅಪರೂಪ. ಕುಡಿದು ಸಿಕ್ಕಿಬಿದ್ದವರು ಹೇಳುವ ನೆಪಗಳಲ್ಲಿ ಸಾವಿರಕ್ಕೊಂದೂ ಇದಾಗಿರಲಾರದು.

ಹಸಿರು ರಕ್ತದ ಕೇಸು ಚಿಕ್ಕದು. 2005, ಕೆನಡಾದ ವ್ಯಾಂಕೂವರ್. ಕೂತ ಭಂಗಿಯಲ್ಲೇ ನಿದ್ದೆ ಹೋಗಿ ಕಾಲುಗಳಲ್ಲಿ ಒತ್ತಡ ಏರಿ, ತುರ್ತು ಆಪರೇಷನ್‌ಗೆ ಬಂದ 42 ವರ್ಷದ ವ್ಯಕ್ತಿ. ಅಪಧಮನಿಗೆ ಸೂಜಿ ಹಾಕಿದರೆ ಕಡುಹಸಿರು, ಕಪ್ಪು ಬಣ್ಣದ ರಕ್ತ. ತಲೆನೋವಿಗೆ ಸುಮಾಟ್ರಿಪ್ಟಾನ್ ಎಂಬ ಮಾತ್ರೆಯನ್ನು ದಿನಾ ಮಿತಿಮೀರಿ ನುಂಗುತ್ತಿದ್ದರು. ಅದರಲ್ಲಿ ಗಂಧಕ ಇದೆ. ಗಂಧಕ ಹಿಮೋಗ್ಲೋಬಿನ್ ಜೊತೆ ಸೇರಿ ಸಲ್ಫ್‌ಹಿಮೋಗ್ಲೋಬಿನ್ ಆಗಿತ್ತು. ಮಾತ್ರೆ ನಿಲ್ಲಿಸಿ ಕೆಲವು ವಾರ ಕಳೆಯುವುದರೊಳಗೆ ರಕ್ತ ಮತ್ತೆ ಕೆಂಪಾಯಿತು. ಹಳೆಯ ಕೆಂಪು ಕಣಗಳು ಸತ್ತು ಹೊಸವು ಬಂದವು, ಅಷ್ಟೇ.

ನೀಲಿ ಜನರ ಕಥೆ ಇದಕ್ಕಿಂತ ಚೆಂದ. ಅಮೆರಿಕದ ಕೆಂಟಕಿ ರಾಜ್ಯದ ಗುಡ್ಡಗಾಡಿನಲ್ಲಿ, ಟ್ರಬಲ್‌ಸಮ್ ಕ್ರೀಕ್ ಎಂಬ ಹೊಳೆಯ ಸುತ್ತಮುತ್ತ, ತಲೆಮಾರುಗಳ ಕಾಲ ನೀಲಿ ಚರ್ಮದ ಜನ ಇದ್ದರು. ಹೃದಯ, ಶ್ವಾಸಕೋಶ ಎಲ್ಲ ಗಟ್ಟಿಮುಟ್ಟು. ಎಷ್ಟೋ ಜನ ಹಣ್ಣುಹಣ್ಣು ಮುದುಕರಾಗುವವರೆಗೆ ಬದುಕಿದರು. ಆದರೂ ಮೈ ನೀಲಿ. 1960ರ ದಶಕದಲ್ಲಿ ಮ್ಯಾಡಿಸನ್ ಕಾವೀನ್ ಎಂಬ ರಕ್ತತಜ್ಞರು ಗುಟ್ಟು ಬಿಡಿಸಿದರು. ಹಿಮೋಗ್ಲೋಬಿನ್‌ನ ಕಬ್ಬಿಣ ತುಸು ಬದಲಾಗಿ ಆಮ್ಲಜನಕ ಹೊರಲಾರದ ರೂಪಕ್ಕೆ ಹೋಗುವುದು ನಮ್ಮೆಲ್ಲರಲ್ಲೂ ನಡೆಯುತ್ತದೆ. ಅದನ್ನು ವಾಪಸ್ ಸರಿಮಾಡಲು ಒಂದು ಕಿಣ್ವ ಇದೆ. ಈ ಜನರಲ್ಲಿ ಆ ಕಿಣ್ವವೇ ಇರಲಿಲ್ಲ. ಕಣಿವೆಯಲ್ಲಿ ಹೊರಗಿನ ಸಂಪರ್ಕ ಕಡಿಮೆ, ನೆಂಟರೊಳಗೇ ಮದುವೆ. ಹಾಗಾಗಿ ಅಪ್ಪ ಅಮ್ಮ ಇಬ್ಬರಿಂದಲೂ ದೋಷದ ಜೀನ್ ಮಕ್ಕಳಿಗೆ ಬಂತು.

ಚಿಕಿತ್ಸೆ ಏನು ಗೊತ್ತಾ? ಮಿಥಿಲೀನ್ ಬ್ಲೂ. ಅಂದರೆ ನೀಲಿ ಬಣ್ಣ! ನೀಲಿ ಮನುಷ್ಯನಿಗೆ ನೀಲಿ ಬಣ್ಣದ ಚುಚ್ಚುಮದ್ದು ಕೊಡುತ್ತೇನೆ ಎಂದರೆ ಯಾರು ಒಪ್ಪುತ್ತಾರೆ? ಅವರು ಒಪ್ಪಿದರು. ಕೆಲವೇ ನಿಮಿಷಗಳಲ್ಲಿ ಚರ್ಮ ನಸುಗೆಂಪಾಯಿತು.

ಮೂರನೆಯದು ತಾಯಿಯ ಕೇಸು. ನನ್ನನ್ನು ಹೆಚ್ಚು ಕಾಡಿದ್ದು ಇದೇ.

ಅಮೆರಿಕದ ವಾಷಿಂಗ್ಟನ್ ರಾಜ್ಯ. ಇಬ್ಬರು ಮಕ್ಕಳ ತಾಯಿ, ಮೂರನೆಯದಕ್ಕೆ ಗರ್ಭಿಣಿ. ಸಂಗಾತಿಯಿಂದ ದೂರವಾಗಿ ಸರ್ಕಾರದ ನೆರವಿಗೆ ಅರ್ಜಿ ಹಾಕಿದರು. ನಿಯಮದಂತೆ ಡಿಎನ್‌ಎ ಪರೀಕ್ಷೆ ಆಯಿತು. ಮಕ್ಕಳಿಗೆ ಆತ ತಂದೆ ಹೌದು, ಈಕೆ ಮಾತ್ರ ತಾಯಿ ಅಲ್ಲ ಎಂದು ಫಲಿತಾಂಶ ಬಂತು. ಮೋಸದ ಅನುಮಾನ. ಮಕ್ಕಳನ್ನು ಕಿತ್ತುಕೊಳ್ಳುವ ಬೆದರಿಕೆ. ಹೆರಿಗೆ ಮಾಡಿಸಿದ ಡಾಕ್ಟರು ಹೇಳಿದರೂ ಡಿಎನ್‌ಎ ಮುಂದೆ ಮಾತು ನಡೆಯಲಿಲ್ಲ. ಮೂರನೆಯ ಹೆರಿಗೆಗೆ ನ್ಯಾಯಾಲಯ ಒಬ್ಬ ಸಾಕ್ಷಿಯನ್ನೇ ಕಳಿಸಿತು. ಆ ಸಾಕ್ಷಿಯ ಕಣ್ಣೆದುರೇ ಮಗು ಹುಟ್ಟಿತು, ಅಲ್ಲೇ ರಕ್ತ ತೆಗೆದರು. ಆ ಮಗುವಿಗೂ ಈಕೆ ತಾಯಿ ಅಲ್ಲ ಎಂದಿತು ಪರೀಕ್ಷೆ!

ಆಕೆಯನ್ನು ಉಳಿಸಿದ್ದು ಇನ್ನೊಬ್ಬ ಹೆಂಗಸಿನ ಕೇಸು. ಬಾಸ್ಟನ್‌ನಲ್ಲಿ 52 ವರ್ಷದ ಒಬ್ಬರಿಗೆ ಮೂತ್ರಪಿಂಡ ಬದಲಿಸಬೇಕಿತ್ತು. ಹೊಂದಾಣಿಕೆ ನೋಡಲು ಮೂವರು ಗಂಡುಮಕ್ಕಳ ರಕ್ತ ಪರೀಕ್ಷಿಸಿದರೆ, ಇಬ್ಬರು ಇವರ ಮಕ್ಕಳೇ ಅಲ್ಲ ಎಂದು ಬಂತು. ಅಲ್ಲಿನ ವೈದ್ಯರು ಈ ತಾಯಿಯ ಮಾತನ್ನು ನಂಬಿದರು. ನಂಬಿದ್ದರಿಂದಲೇ ಹುಡುಕುತ್ತಾ ಹೋದರು. ರಕ್ತ ಬಿಟ್ಟು ಬೇರೆ ಬೇರೆ ಅಂಗಾಂಶಗಳ ಡಿಎನ್‌ಎ ತೆಗೆದರು. ಒಂದೇ ದೇಹದಲ್ಲಿ ಎರಡು ಬಗೆಯ ಡಿಎನ್‌ಎ ಸಿಕ್ಕಿತು. ಈ ಹೆಂಗಸು ತಾಯಿಯ ಗರ್ಭದಲ್ಲಿದ್ದಾಗ ಅವಳಿಗಳಾಗಬೇಕಿದ್ದ ಎರಡು ಭ್ರೂಣಗಳು ಬಹಳ ಮೊದಲೇ ಕೂಡಿಕೊಂಡು ಒಂದೇ ಮನುಷ್ಯಳಾಗಿ ಬೆಳೆದಿದ್ದವು. ರಕ್ತ ಒಬ್ಬಳದು, ಅಂಡಾಶಯದಲ್ಲಿ ಇನ್ನೊಬ್ಬಳ ಪಾಲೂ ಇತ್ತು. ಇದನ್ನು ಕೈಮೆರಿಸಂ ಎನ್ನುತ್ತಾರೆ. 2002ರಲ್ಲಿ ಈ ವರದಿ ಪ್ರಕಟವಾಯಿತು. ಇದೇ ದಾರಿ ಹಿಡಿದು ವಾಷಿಂಗ್ಟನ್‌ನ ತಾಯಿಯ ಗರ್ಭಕಂಠದಿಂದ ಜೀವಕೋಶ ತೆಗೆದು ನೋಡಿದರು. ಮಕ್ಕಳ ಜೊತೆ ಹೊಂದಿಕೆಯಾಯಿತು.

ಆ ಪರೀಕ್ಷೆಯಲ್ಲಿ ಯಂತ್ರ ತಪ್ಪು ಮಾಡಿರಲಿಲ್ಲ ನೋಡಿ. ಕೊಟ್ಟ ಮಾದರಿಗೆ ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ಒಬ್ಬ ಮನುಷ್ಯನಿಗೆ ಒಂದೇ ಡಿಎನ್‌ಎ ಎಂದು ನಾವು ಮೊದಲೇ ತೀರ್ಮಾನ ಮಾಡಿಟ್ಟುಕೊಂಡಿದ್ದೆವು.

ರಕ್ತದ ಗುಂಪಿನಲ್ಲೂ ಇಂಥದ್ದೇ ಒಂದು ಬಲೆ ಇದೆ. 1952ರಲ್ಲಿ ಮುಂಬೈಯಲ್ಲಿ ವೈ.ಎಂ. ಭೇಂಡೆ ಮತ್ತು ಸಹೋದ್ಯೋಗಿಗಳು ಯಾವ ದಾನಿಯ ರಕ್ತವೂ ಹೊಂದದ ರೋಗಿಗಳನ್ನು ಕಂಡರು. ಸಾಮಾನ್ಯ ಪರೀಕ್ಷೆಯಲ್ಲಿ ಒ ಗುಂಪು ಎಂದೇ ಕಾಣುತ್ತದೆ. ಆದರೆ ಒ ರಕ್ತ ಕೊಟ್ಟರೂ ಜೀವಕ್ಕೆ ಅಪಾಯ. ಎ, ಬಿ ಗುರುತುಗಳಿಗೆ ಅಡಿಪಾಯದಂತಿರುವ ಎಚ್ ಎಂಬ ಗುರುತೇ ಇವರ ಕೆಂಪು ಕಣಗಳ ಮೇಲಿಲ್ಲ. ಒ ಗುಂಪಿನವರಿಗೂ ಆ ಎಚ್ ಇರುತ್ತದೆ. ಹಾಗಾಗಿ ಇವರ ದೇಹ ಅದನ್ನೂ ಶತ್ರು ಎಂದುಕೊಳ್ಳುತ್ತದೆ. ಬಾಂಬೆ ರಕ್ತದ ಗುಂಪು ಎಂದು ಹೆಸರಾಯಿತು. ಭಾರತದಲ್ಲಿ ಸುಮಾರು 10,000ಕ್ಕೆ ಒಬ್ಬರಿಗೆ, ಯೂರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರಿಗೆ ಎನ್ನುತ್ತಾರೆ. ಇವರಿಗೆ ಇವರಂಥವರದ್ದೇ ರಕ್ತ ಬೇಕು.

ಇಷ್ಟು ಓದಿ "ವಿಚಿತ್ರ ಕೇಸುಗಳೆಲ್ಲ ಸುಮ್ನೆ ಮಜಾ ಕೊಡುವ ಸುದ್ದಿ" ಅನ್ನಿಸಿದರೆ ಸ್ವಲ್ಪ ತಡೆಯಿರಿ. ಜೀರ್ಣಕ್ರಿಯೆ ಬಗ್ಗೆ ವೈದ್ಯಶಾಸ್ತ್ರ ಕಲಿತ ದೊಡ್ಡ ಪಾಠ ಒಬ್ಬ ಬಡವನ ಹೊಟ್ಟೆಯ ತೂತಿನಿಂದ ಬಂದಿದ್ದು.

1822ರ ಜೂನ್ 6. ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ತುಪ್ಪಳದ ವ್ಯಾಪಾರದ ಅಂಗಡಿ. ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಹತ್ತಿರದಿಂದಲೇ ಕೋವಿಯ ಗುಂಡು ತಗುಲಿತು. ಸೈನ್ಯದ ವೈದ್ಯ ವಿಲಿಯಂ ಬ್ಯೂಮಾಂಟ್ ಚಿಕಿತ್ಸೆ ಮಾಡಿದರು, ಬದುಕುತ್ತಾನೆಂಬ ಆಸೆ ಇರಲಿಲ್ಲ. ಆತ ಬದುಕಿದ. ಗಾಯ ಮಾತ್ರ ಪೂರ್ತಿ ಮುಚ್ಚಲಿಲ್ಲ. ಜಠರದ ಗೋಡೆ ಪಕ್ಕೆಯ ಚರ್ಮಕ್ಕೆ ಅಂಟಿಕೊಂಡು ಒಂದು ಕಿಂಡಿ ಉಳಿಯಿತು. ಒಳಗೆ ಇಣುಕಿದರೆ ಜಠರ ಕಾಣುತ್ತಿತ್ತು!

ಬ್ಯೂಮಾಂಟ್ ರೇಷ್ಮೆ ದಾರಕ್ಕೆ ಆಹಾರದ ತುಣುಕು ಕಟ್ಟಿ ಆ ಕಿಂಡಿಯಿಂದ ಇಳಿಬಿಟ್ಟರು. ಗಂಟೆಗೊಮ್ಮೆ ಎಳೆದು ಎಷ್ಟು ಕರಗಿದೆ ಎಂದು ನೋಡಿದರು. ಜಠರದ ರಸ ತೆಗೆದು ಬಾಟಲಿಯಲ್ಲಿ ಮೈಯ ಶಾಖದಲ್ಲಿ ಇಟ್ಟರೆ ಅಲ್ಲೂ ಮಾಂಸ ಕರಗಿತು. ಜೀರ್ಣವೆಂದರೆ ಬರೀ ಅರೆಯುವುದಲ್ಲ, ರಾಸಾಯನಿಕ ಕ್ರಿಯೆ ಎಂದು ಹೀಗೆ ಗಟ್ಟಿಯಾಯಿತು. ಸಿಟ್ಟು ಬಂದಾಗ ಜಠರದ ಕೆಲಸ ಕೆಡುವುದನ್ನೂ ಅವರು ಕಣ್ಣಾರೆ ಕಂಡು ಬರೆದಿಟ್ಟರು. 1833ರಲ್ಲಿ ಎಲ್ಲ ಪ್ರಯೋಗಗಳನ್ನು ಸೇರಿಸಿ ಪುಸ್ತಕ ತಂದರು.

ಪುಸ್ತಕ ಬರೆದವರಿಗೆ ಹೆಸರು ಬಂತು. ಹೊಟ್ಟೆ ಕೊಟ್ಟವನಿಗೆ? ಓದು ಬಾರದ ಆತನಿಂದ ಗುರುತು ಹಾಕಿಸಿಕೊಂಡು ಒಪ್ಪಂದ ಮಾಡಿಸಿದ್ದರು. ಪ್ರಯೋಗವೂ ಆಗಬೇಕು, ಮನೆಯ ಆಳಿನ ಕೆಲಸವೂ ಆಗಬೇಕು. ಆತ ಬೇಸತ್ತು ಊರಿಗೆ ಹೊರಟುಹೋಗುತ್ತಿದ್ದ. ಕೊನೆಗೂ ಆತನೇ ಗೆದ್ದ ಅನ್ನಿ. ಬ್ಯೂಮಾಂಟ್ ತೀರಿಕೊಂಡಿದ್ದು 1853ರಲ್ಲಿ. ಈತ ಅದೇ ಕಿಂಡಿ ಇಟ್ಟುಕೊಂಡು 1880ರವರೆಗೆ ಬದುಕಿದ. ಸತ್ತ ಮೇಲೆ ಡಾಕ್ಟರುಗಳು ಜಠರ ಕೇಳಿಕೊಂಡು ಬರುತ್ತಾರೆಂದು ಮನೆಯವರಿಗೆ ಗೊತ್ತಿತ್ತು. ಹೆಣ ಕೊಳೆಯುವವರೆಗೆ ಬಿಟ್ಟು ಆಮೇಲೆ ಹೂಳಿದರು. ನನ್ನ ವೃತ್ತಿಯವರ ಬಗ್ಗೆ ಒಂದು ಕುಟುಂಬಕ್ಕೆ ಇದ್ದ ಅಭಿಪ್ರಾಯ ಅದು. ಅವರನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ.

ನೋವಿನ ವಿಷಯವೂ ಹಾಗೆಯೇ. ಪಾಕಿಸ್ತಾನದ ಉತ್ತರ ಭಾಗದಲ್ಲಿ ಒಬ್ಬ ಹುಡುಗ ಬೀದಿಯಲ್ಲಿ ಆಟ ತೋರಿಸುತ್ತಿದ್ದ. ತೋಳಿಗೆ ಚೂರಿ ಚುಚ್ಚಿಕೊಳ್ಳುತ್ತಿದ್ದ, ಕೆಂಡದ ಮೇಲೆ ನಡೆಯುತ್ತಿದ್ದ. ಅವನಿಗೆ ನೋವು ಎಂದರೇನೆಂದೇ ಗೊತ್ತಿರಲಿಲ್ಲ. ಸಂಶೋಧಕರು ಅವನನ್ನು ಭೇಟಿಯಾಗುವ ಮೊದಲೇ, 14 ತುಂಬುವುದರೊಳಗೆ, ಮನೆಯ ಮಾಡಿನಿಂದ ಜಿಗಿದು ಸತ್ತುಹೋದ. ಅವನ ಬಳಗದವರಲ್ಲಿ ಇದೇ ಸ್ಥಿತಿ ಇದ್ದ ಇತರ ಮಕ್ಕಳನ್ನು ಪರೀಕ್ಷಿಸಿದಾಗ, ಸೋಡಿಯಂ ಕಣಗಳನ್ನು ಒಳಬಿಟ್ಟು ನರಗಳಲ್ಲಿ ನೋವಿನ ಸಂದೇಶ ಹೊರಡಿಸುವ ಒಂದು ಬಾಗಿಲು ಕೆಲಸ ಮಾಡುತ್ತಿಲ್ಲ ಎಂದು 2006ರಲ್ಲಿ ತಿಳಿಯಿತು. ಅಲ್ಲಿಂದ ನೋವು ನಿವಾರಕ ಹುಡುಕುವವರ ಕಣ್ಣೆಲ್ಲ ಇಂಥ ಬಾಗಿಲುಗಳ ಮೇಲೆ. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಸುಜೆಟ್ರಿಜಿನ್ ಎಂಬ ಮಾತ್ರೆ ಕೆಲಸ ಮಾಡುವುದು ಅದೇ ಬಳಗದ ಇನ್ನೊಂದು ಬಾಗಿಲಿನ ಮೇಲೆ. ನೋವೇ ಇಲ್ಲದಿದ್ದರೆ ಎಷ್ಟು ಚೆನ್ನ ಎಂದು ರೋಗಿಗಳು ಹೇಳಿದಾಗೆಲ್ಲ ನನಗೆ ಆ ಹುಡುಗ ನೆನಪಾಗುತ್ತಾನೆ.

ನಿಜ ಯಾವುದು, ಸುಳ್ಳು ಯಾವುದು ಎಂದು ತಿಳಿಯುವುದು ಹೇಗೆ? ನಾನು ನೋಡುವುದು ಒಂದೇ. ಯಾರಾದರೂ ಸುಳ್ಳಿರಬಹುದು ಎಂದು ಅನುಮಾನಿಸಿ ಪರೀಕ್ಷೆ ಮಾಡಿದ್ದಾರಾ? ಟೆಕ್ಸಾಸ್‌ನ ಡಾಕ್ಟರುಗಳು ಚೀಲ ತಡಕಿದ್ದು ಅದಕ್ಕೇ. ನಂಬುವುದು ಎಂದರೆ ಕಣ್ಣುಮುಚ್ಚಿ ಒಪ್ಪುವುದು ಅಂತಲ್ಲ. ಮಾತನ್ನು ಪರೀಕ್ಷೆಗೆ ಯೋಗ್ಯ ಎಂದು ಎಣಿಸುವುದು. ಬರೀ ಒಂದು ಫೋಟೊ, "ವೈದ್ಯಲೋಕವೇ ಬೆರಗಾಯಿತು" ಎಂಬ ಒಂದು ಸಾಲು, ಆಮೇಲೆ ರೋಗಿ ಏನಾದರೆಂಬ ಸುದ್ದಿಯೇ ಇಲ್ಲ ಎಂದರೆ ನಾನು ಮುಂದೆ ಹೋಗುತ್ತೇನೆ. ಸುಳ್ಳು ಹೇಳುವ ರೋಗಿಗಳೂ ಇದ್ದಾರೆ ಅನ್ನುವುದನ್ನೂ ಮುಚ್ಚಿಡುವುದಿಲ್ಲ. ಇಲ್ಲದ ಕಾಯಿಲೆ ಹೇಳಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವವರ ಬಗ್ಗೆ 1951ರಲ್ಲಿ ರಿಚರ್ಡ್ ಆಶರ್ ಎಂಬ ಬ್ರಿಟಿಷ್ ವೈದ್ಯರು ಬರೆದು, ಅದಕ್ಕೆ ಮುಂಚೌಸೆನ್ ಸಿಂಡ್ರೋಮ್ ಎಂದು ಹೆಸರಿಟ್ಟರು. ಅದೂ ಅಪರೂಪವೇ. ಅದೂ ಒಂದು ಕಾಯಿಲೆಯೇ.

ಈಗ ನಿಮ್ಮ ತಂಗಿಯ ವಿಷಯಕ್ಕೆ ಬರೋಣ. ನೀವು ಪತ್ರ ಬರೆದಿದ್ದೇ ಅದಕ್ಕೆ ಅಂತ ನನಗೆ ಗೊತ್ತು.

ನಮಗೆ ಕಾಲೇಜಿನಲ್ಲಿ ಒಂದು ಮಾತು ಹೇಳಿಕೊಡುತ್ತಾರೆ. ಗೊರಸಿನ ಸದ್ದು ಕೇಳಿದರೆ ಕುದುರೆ ಎಂದುಕೊಳ್ಳಿ, ಜೀಬ್ರಾ ಎಂದುಕೊಳ್ಳಬೇಡಿ. ಒಳ್ಳೆಯ ಮಾತೇ. ಅಪರೂಪದ ಕಾಯಿಲೆಗಿಂತ, ಸಾಮಾನ್ಯ ಕಾಯಿಲೆ ಅಪರೂಪದ ವೇಷ ಹಾಕಿಕೊಂಡು ಬರುವುದೇ ಜಾಸ್ತಿ. ನಾನೊಮ್ಮೆ ಕೈಕಾಲು ಜೋಮು, ಮರೆವು, ನಡಿಗೆಯಲ್ಲಿ ತೂರಾಟ ಇದ್ದ ಒಬ್ಬರಿಗೆ ಯಾವುದೋ ವಿಚಿತ್ರ ನರರೋಗ ಇರಬೇಕೆಂದು ಎರಡು ವಾರ ಹುಡುಕಿದೆ. ಬಿ12 ವಿಟಮಿನ್ ಕಡಿಮೆಯಾಗಿತ್ತು. ಅಷ್ಟೇ. ಮೊದಲ ದಿನವೇ ನೋಡಬೇಕಾಗಿದ್ದ ಪರೀಕ್ಷೆ.

ಆದರೆ ಆ ಗಾದೆಯಲ್ಲಿ ಒಂದು ಮೋಸ ಇದೆ. ಅಪರೂಪದ ಕಾಯಿಲೆ ಎಂದರೆ ಯೂರೋಪಿನ ಲೆಕ್ಕದಲ್ಲಿ 2,000 ಜನರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇಲ್ಲದ್ದು. ಒಂದೊಂದೂ ಅಪರೂಪ, ಸರಿ. ಅಂಥವು 6,000ಕ್ಕೂ ಹೆಚ್ಚು ಇವೆ. ಎಲ್ಲ ಸೇರಿಸಿದರೆ ಜಗತ್ತಿನಲ್ಲಿ ಸುಮಾರು 30 ಕೋಟಿ ಜನ. ಜೀಬ್ರಾಗಳ ಹಿಂಡು ಅಷ್ಟೇನೂ ಸಣ್ಣದಲ್ಲ.

ಪತ್ರ ಓದಿ ರೋಗ ಹೇಳುವವನು ನಾನಲ್ಲ. ಆದರೆ ನೀವು ಬರೆದಿದ್ದರಲ್ಲಿ ಒಂದು ವಿಷಯ ನನ್ನನ್ನು ತಡೆದು ನಿಲ್ಲಿಸಿತು. ನೋವು ಬಂದು ಹೋಗುತ್ತದೆ. ಪರೀಕ್ಷೆಗಳೆಲ್ಲ ನಾರ್ಮಲ್. ಆ ಪರೀಕ್ಷೆಗಳು ಯಾವಾಗ ಆದವು? ನೋವು ಇದ್ದಾಗಲೋ, ಎಲ್ಲ ಸರಿಹೋದ ಮೇಲೋ? ಕಳ್ಳ ಹೋದ ಮೇಲೆ ಮನೆ ಹುಡುಕಿದರೆ ಯಾರೂ ಸಿಗುವುದಿಲ್ಲ.

ಮೊದಲು ಕುದುರೆಗಳು. ಪಿತ್ತಕೋಶದ ಕಲ್ಲು, ಮೂತ್ರದ ಕಲ್ಲು ನೋಡಿರುತ್ತಾರೆ, ಸ್ಕ್ಯಾನ್ ಆಗಿದೆ. ನೋವಿಗೂ ಮುಟ್ಟಿನ ದಿನಗಳಿಗೂ ನಂಟಿದೆಯಾ ಎಂದು ಯಾರಾದರೂ ಕೇಳಿದ್ದಾರಾ? ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆ ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದೆ. ಸಾಮಾನ್ಯ ಸ್ಕ್ಯಾನ್‌ನಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಎಷ್ಟೋ ಹೆಂಗಸರಿಗೆ ಅದು ಇದೆ ಎಂದು ಗೊತ್ತಾಗಲು ವರ್ಷಗಳೇ ಹಿಡಿಯುತ್ತವೆ. ಅಪರೂಪದ ಕಾಯಿಲೆಯೇ ಆಗಬೇಕಿಲ್ಲ. ಇಷ್ಟು ಸಾಮಾನ್ಯವಾದದ್ದನ್ನೂ "ಮನಸ್ಸಿನದು" ಎಂದು ಕಳಿಸಿಬಿಡುತ್ತಾರೆ.

ಇನ್ನು ಒಂದು ಜೀಬ್ರಾ. ಅಕ್ಯೂಟ್ ಇಂಟರ್ಮಿಟೆಂಟ್ ಪಾರ್ಫೈರಿಯಾ. ರಕ್ತಕ್ಕೆ ಬೇಕಾದ ಹೀಮ್ ತಯಾರಾಗುವ ಸಾಲಿನಲ್ಲಿ ಒಂದು ಕಿಣ್ವ ಅರ್ಧದಷ್ಟೇ ಕೆಲಸ ಮಾಡುತ್ತದೆ. ಉಪವಾಸ, ಕೆಲವು ಔಷಧಗಳು, ಮುಟ್ಟಿನ ಮುಂಚಿನ ಹಾರ್ಮೋನ್ ಏರಿಳಿತ, ಇಂಥ ಏನಾದರೊಂದು ತಗುಲಿದರೆ ಅರ್ಧಂಬರ್ಧ ತಯಾರಾದ ವಸ್ತುಗಳು ರಾಶಿ ಬಿದ್ದು ನರಗಳನ್ನು ಕೆಣಕುತ್ತವೆ. ಜೋರು ಹೊಟ್ಟೆನೋವು ಇರುತ್ತದೆ, ಆದರೆ ಹೊಟ್ಟೆ ಒತ್ತಿ ನೋಡಿದರೆ ಅಷ್ಟೇನೂ ಇರುವುದಿಲ್ಲ. ಎದೆ ಹೊಡೆದುಕೊಳ್ಳುತ್ತದೆ. ನಿದ್ದೆ ಹೋಗುತ್ತದೆ. ಮಾತು, ನಡವಳಿಕೆ ಬದಲಾಗುತ್ತದೆ. 20ರಿಂದ 40 ವಯಸ್ಸಿನ ಹೆಂಗಸರಲ್ಲಿ ಹೆಚ್ಚು. ಯೂರೋಪಿನ ಲೆಕ್ಕದಲ್ಲಿ ಹತ್ತು ಲಕ್ಷಕ್ಕೆ ಐದಾರು ಜನ. ಅಂದರೆ ನಿಮ್ಮ ತಂಗಿಗೆ ಇದು ಇಲ್ಲದಿರುವ ಸಾಧ್ಯತೆಯೇ ದೊಡ್ಡದು. ಆದರೂ ಹೇಳುತ್ತಿದ್ದೇನೆ, ಯಾಕೆಂದರೆ ಪರೀಕ್ಷೆ ಬಹಳ ಸುಲಭ. ನೋವಿದ್ದಾಗ ತೆಗೆದ ಮೂತ್ರದಲ್ಲಿ ಪಾರ್ಫೋಬಿಲಿನೋಜೆನ್ ಎಂಬ ವಸ್ತುವನ್ನು ಅಳೆಯಬೇಕು. ನೋವಿಲ್ಲದಾಗ ತೆಗೆದರೆ ನಾರ್ಮಲ್ ಬಂದರೂ ಬರಬಹುದು. ಇದು ಗೊತ್ತಾಗದೇ ಉಳಿದರೆ ತೊಂದರೆ ದೊಡ್ಡದು. ಫಿಟ್ಸ್‌ಗೆ ಕೊಡುವ ಕೆಲವು ಔಷಧಗಳು, ನಿದ್ದೆಗೆ ಹಿಂದೆ ಕೊಡುತ್ತಿದ್ದ ಬಾರ್ಬಿಟುರೇಟ್, ಸಲ್ಫಾ ಮಾತ್ರೆಗಳು ಇದನ್ನು ಇನ್ನಷ್ಟು ಕೆರಳಿಸುತ್ತವೆ. ಮನಸ್ಸಿನದು ಎಂದು ಕೊಟ್ಟ ಔಷಧವೇ ಮೈಗೆ ವಿಷವಾದ ಉದಾಹರಣೆಗಳಿವೆ.

"ಮನಸ್ಸಿನದು" ಎಂಬ ಮಾತಿನ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಇದ್ದಕ್ಕಿದ್ದಂತೆ ಭ್ರಮೆ, ಕಿರುಚಾಟ, ಫಿಟ್ಸ್ ಬಂದು ಮನೋರೋಗದ ವಾರ್ಡು ಸೇರುತ್ತಿದ್ದ ಯುವತಿಯರಲ್ಲಿ ಕೆಲವರಿಗೆ ಅಂಡಾಶಯದಲ್ಲಿ ಸಣ್ಣ ಗೆಡ್ಡೆ ಇತ್ತು. ದೇಹ ಆ ಗೆಡ್ಡೆಯ ವಿರುದ್ಧ ಮಾಡಿದ ಪ್ರತಿಕಾಯಗಳು ಮಿದುಳಿಗೇ ಹೊಡೆಯುತ್ತಿದ್ದವು. ಜೋಸೆಪ್ ದಾಲ್ಮಾವ್ ಮತ್ತು ತಂಡ 2007ರಲ್ಲಿ ಇದನ್ನು ಗುರುತಿಸಿತು. ಗೆಡ್ಡೆ ತೆಗೆದು ರೋಗನಿರೋಧಕ ವ್ಯವಸ್ಥೆಯನ್ನು ತಣ್ಣಗಾಗಿಸಿದರೆ ಬಹಳಷ್ಟು ಜನ ವಾಪಸ್ ಬರುತ್ತಾರೆ. 2007ಕ್ಕಿಂತ ಮೊದಲು ಇಂಥವರು ಎಲ್ಲಿ ಹೋದರು ಎಂದು ಯೋಚಿಸಲು ನನಗೆ ಭಯವಾಗುತ್ತದೆ. ಹಾಗಂತ ಮನಸ್ಸಿನ ಕಾಯಿಲೆ ಸುಳ್ಳಲ್ಲ. ಆತಂಕದಿಂದಲೂ ನಿಜವಾದ ಹೊಟ್ಟೆನೋವು ಬರುತ್ತದೆ, ಅದಕ್ಕೂ ಚಿಕಿತ್ಸೆ ಬೇಕು. ಆದರೆ ಅದನ್ನು ಹುಡುಕಿ ಹೇಳಬೇಕು. ಬೇರೇನೂ ಸಿಗಲಿಲ್ಲ ಎಂದು ಕೊನೆಯಲ್ಲಿ ಹಣೆಗೆ ಅಂಟಿಸುವುದಲ್ಲ.

ಈಗ ಮಾಡಬೇಕಾದ್ದು. ಒಂದು ನೋಟ್‌ಬುಕ್ ಇಡಿ. ನೋವು ಶುರುವಾದ ದಿನ, ಗಂಟೆ, ಎಷ್ಟು ದಿನ ಇತ್ತು, ಮುಟ್ಟು ಯಾವಾಗ, ಹಿಂದಿನ ದಿನ ಊಟ ಬಿಟ್ಟಿದ್ದಳಾ, ಯಾವ ಮಾತ್ರೆ ನುಂಗಿದಳು, ಎಲ್ಲ ಬರೆಯಿರಿ. ಮೂಲಿಕೆ ಔಷಧ, ಅಂಗಡಿಯಿಂದ ತಂದ ನೋವಿನ ಮಾತ್ರೆ ಕೂಡ ಸೇರಲಿ. ಮನೆಯಲ್ಲಿ ಯಾರಿಗಾದರೂ ಇಂಥ ನೋವು, ಕಾರಣ ತಿಳಿಯದ ಪಾರ್ಶ್ವವಾಯು, ಆಪರೇಷನ್ ನಂತರ ವಿಚಿತ್ರ ತೊಂದರೆ ಬಂದಿತ್ತಾ ಎಂದು ಹಿರಿಯರನ್ನು ಕೇಳಿ. ಹೊಸ ಡಾಕ್ಟರನ್ನು ಹುಡುಕಿಕೊಂಡು ಹೋಗುವ ಬದಲು, ಒಬ್ಬರೇ ಡಾಕ್ಟರ ಬಳಿ ಎಲ್ಲ ಕಾಗದ ಇಟ್ಟುಕೊಂಡು ಹೋಗಿ. "ಏನಾಗಿದೆ" ಎಂದಷ್ಟೇ ಕೇಳಬೇಡಿ. "ನೀವು ಹೇಳಿದ್ದಕ್ಕೆ ಹೊಂದದೇ ಉಳಿದಿದ್ದು ಏನಾದರೂ ಇದೆಯಾ?" ಎಂದು ಕೇಳಿ. ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ. ಆ ರಾತ್ರಿ ಟೆಕ್ನಿಷಿಯನ್ ನನ್ನನ್ನು ಕೇಳಿದ್ದೂ ಇದೇ ಪ್ರಶ್ನೆಯನ್ನೇ.

ಮುಂದಿನ ಸಲ ನೋವು ಬಂದಾಗ ಕಾಯಬೇಡಿ, ಆಗಲೇ ಕರೆದುಕೊಂಡು ಹೋಗಿ. ಫಿಟ್ಸ್ ಬಂದರೆ, ಕೈಕಾಲು ಸೋತರೆ, ಉಸಿರಾಟ ಕಷ್ಟವಾದರೆ ನೇರವಾಗಿ ತುರ್ತು ಚಿಕಿತ್ಸೆಗೆ. ಮೂತ್ರದ ಮಾದರಿ ತೆಗೆದ ಕೂಡಲೇ ಬಾಟಲಿಗೆ ಬೆಳಕು ತಾಗದಂತೆ ಸುತ್ತಿ ಲ್ಯಾಬಿಗೆ ಕೊಡಿ. ಬೆಳಕಿಗೆ ಇಟ್ಟರೆ ಆ ವಸ್ತು ಹಾಳಾಗುತ್ತದೆ. ಸ್ವಲ್ಪ ಮೂತ್ರವನ್ನು ಬೇರೆ ಬಾಟಲಿಯಲ್ಲಿ ಕಿಟಕಿಯ ಬಳಿ ಇಟ್ಟು ಕೆಲವು ಗಂಟೆ ಬಿಟ್ಟು ನೋಡಿ. ಬಣ್ಣ ಕೆಂಪಗೆ, ಕಡುಕಂದಿಗೆ ತಿರುಗಿದರೆ ಫೋಟೊ ತೆಗೆದು ಡಾಕ್ಟರಿಗೆ ತೋರಿಸಿ. ತಿರುಗದಿದ್ದರೂ ಪರೀಕ್ಷೆ ಬಿಡಬೇಡಿ. ವರದಿ ಏನೇ ಬರಲಿ, ನನಗೂ ಒಂದು ಸಾಲು ಬರೆಯಿರಿ.